‘ರ‍್ಯಾಂಕ್’ ತಿದ್ದಿದ ಕೆಲವೇ ಸಾಲುಗಳು

ಸಿಇಟಿ ಫಲಿತಾಂಶದ ದಿನ ಕರ್ನಾಟಕದ ಮನೆಮನೆಯಲ್ಲೂ ಕೇಳಿಬರುವ ಪದ ಒಂದೇ: ರ‍್ಯಾಂಕ್. ಮಕ್ಕಳಿಗೆ ಅದೇ ಚಿಂತೆ, ಹೆತ್ತವರಿಗೆ ಅದೇ ಲೆಕ್ಕಾಚಾರ. ಆದರೆ ಇಷ್ಟು ಬೇಕಾದ ಈ ಪದವನ್ನು ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಸರಿಯಾಗಿ ಮೂಡಿಸುವುದು ಬಹುಕಾಲ ತಲೆನೋವಿನ ಕೆಲಸವಾಗಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು?

‘ಸೂರ್ಯ’, ‘ಕಾರ್ಯ’, ‘ಧೈರ್ಯ’ ಬರೆಯುವಾಗ ತೊಂದರೆ ಇಲ್ಲ. ರಕಾರಕ್ಕೆ ಯಕಾರ ಸೇರಿದಾಗ ಕನ್ನಡದವರು ಅರ್ಕಾವತ್ತು ಹಾಕುತ್ತಾರೆ. ಯಕಾರ ಮೊದಲು, ಅದರ ಬೆನ್ನಿಗೆ ಒಂಬತ್ತರ ಅಂಕಿಯಂಥ ಗುರುತು. ಓದುವಾಗ ಮಾತ್ರ ರಕಾರವೇ ಮೊದಲು. ಇದನ್ನು ಕನ್ನಡ ಶಾಲೆಯ ಮಕ್ಕಳು ಸಣ್ಣ ತರಗತಿಯಲ್ಲೇ ಕಲಿತಿರುತ್ತಾರೆ. ಆದರೆ ‘ರ‍್ಯಾಂಕ್’, ‘ರ‍್ಯಾಲಿ’ಯಂಥ ಪದಗಳು ಇಂಗ್ಲಿಷಿನಿಂದ ಬಂದವು. ಪದದ ಆರಂಭದಲ್ಲೇ ‘ಯಾ’ ಬರೆದು ಹಿಂದೆ ಅರ್ಕಾವತ್ತು ತಗುಲಿಸಿದರೆ ಓದುವ ಕಣ್ಣು ಎಡವುತ್ತದೆ. ಅಲ್ಲಿ ‘ರ’ ಪೂರ್ತಿಯಾಗಿ ಬಂದು, ಯಕಾರ ಒತ್ತಾಗಿ ಕೆಳಗೆ ಕೂರಬೇಕು. ಕೈಬರಹದಲ್ಲಿ ಇದಕ್ಕೆ ಯಾರೂ ಯೋಚನೆ ಮಾಡುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಎಲ್ಲಿ ಅರ್ಕಾವತ್ತು, ಎಲ್ಲಿ ಒತ್ತು ಎಂದು ಯಾರಾದರೂ ಹೇಳಿಕೊಡಬೇಕು.

ಹೇಳಿಕೊಡಲು ಒಂದು ಉಪಾಯ ಮಾಡಲಾಯಿತು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕಣ್ಣಿಗೆ ಕಾಣದ, ಜಾಗವನ್ನೂ ಹಿಡಿಯದ ಒಂದು ಸಂಕೇತವಿದೆ. ಅದನ್ನು ಜೋಡಕ ಎನ್ನಬಹುದು. ರಕಾರದ ನಂತರ ಜೋಡಕ, ಆಮೇಲೆ ಹಲಂತ, ಆಮೇಲೆ ಯಕಾರ. ಈ ಕ್ರಮದಲ್ಲಿ ಬಂದರೆ ಅರ್ಕಾವತ್ತು ಬೇಡ, ಒತ್ತು ಬೇಕು ಎಂದು ಅರ್ಥ. ಇದು ನಿಯಮ. ಆದರೆ ಅದಕ್ಕೂ ಮೊದಲಿನ ರೂಢಿಯಲ್ಲಿ ಅನೇಕರು ಹಲಂತವನ್ನು ಮೊದಲು, ಜೋಡಕವನ್ನು ಆಮೇಲೆ ಇಟ್ಟು ಬರೆದಿದ್ದರು. ಹಾಗೆ ಬರೆದ ಕನ್ನಡ ಎಲ್ಲೆಲ್ಲೋ ಸೇರಿಹೋಗಿತ್ತು. ಹೊಸ ನಿಯಮದ ಕಂಪ್ಯೂಟರಿಗೆ ಹಳೆಯ ರೂಢಿಯ ಬರಹ ಅರ್ಥವಾಗದೆ ಹೋದರೆ ಅಕ್ಷರ ಕೆಡುತ್ತದೆ.

ಈ ಸಮಸ್ಯೆಗೆ ಪರಿಹಾರ ಸಿಕ್ಕ ಜಾಗದ ಹೆಸರು ಹಾರ್ಫ್‌ಬಝ್. ಇದು ಅಕ್ಷರ ಜೋಡಿಸುವ ತಂತ್ರಾಂಶ. ಹೆಸರು ಪಾರಸಿಯದು, ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದದ್ದು. ಇರಾನ್ ಮೂಲದ ಬೆಹ್ದಾದ್ ಎಸ್ಫಹಬೋದ್ ಇದರ ಮುಖ್ಯ ರೂವಾರಿ. ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರ ಹೊಟ್ಟೆಯೊಳಗೂ ಇದೇ ಕುಳಿತು ಅಕ್ಷರ ಕೂಡಿಸುತ್ತದೆ. ತೀರ್ಥಹಳ್ಳಿಯ ಅಂಗಡಿಯಾತ ತನ್ನ ಫೋನಿನಲ್ಲಿ ಕನ್ನಡ ಸಂದೇಶ ಓದಿದರೆ ಅಲ್ಲಿ ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸಿದ್ದು ಬಹುಮಟ್ಟಿಗೆ ಈ ಹಾರ್ಫ್‌ಬಝ್. ಅದರ ಮೂಲ ಸಂಕೇತದಲ್ಲಿ, ಎಂದರೆ ಪ್ರೋಗ್ರಾಮಿನ ಪಠ್ಯದಲ್ಲಿ, ಕನ್ನಡಕ್ಕೆಂದೇ ಬರೆದ ಕೆಲವು ಸಾಲುಗಳಿವೆ. ಅವುಗಳ ಸಾರ ಇಷ್ಟೆ: ಲಿಪಿ ಕನ್ನಡವಾಗಿದ್ದು, ರಕಾರ, ಹಲಂತ, ಜೋಡಕ ಈ ಕ್ರಮದಲ್ಲಿ ಬಂದಿದ್ದರೆ, ಕೊನೆಯ ಎರಡನ್ನು ಅದಲುಬದಲು ಮಾಡು. ಹಳೆಯ ರೂಢಿಗೆ ಹೊಂದಿಕೊಳ್ಳಲು ಹೀಗೆ ಮಾಡಿದೆ ಎಂಬ ಟಿಪ್ಪಣಿಯೂ ಪಕ್ಕದಲ್ಲೇ ಇದೆ.

ಕೆಲವೇ ಸಾಲು. ಅಷ್ಟರಿಂದ ಅಸಂಖ್ಯ ಫೋನುಗಳಲ್ಲಿ ಒಂದು ಕನ್ನಡ ಪದ ನೆಟ್ಟಗಾಯಿತು. ಇಂಥ ತಿದ್ದುಪಡಿಯನ್ನು ಸೂಚಿಸುವ ಹಕ್ಕು ಯಾರಿಗಿದೆ? ತೀರ್ಥಹಳ್ಳಿಯ ಪದವಿ ವಿದ್ಯಾರ್ಥಿನಿಗೆ ಇದೆಯೆ? ಇದೆ. ಮುಕ್ತ ತಂತ್ರಾಂಶದ ವೈಶಿಷ್ಟ್ಯವೇ ಅದು.

ಊರಿನ ಕಾಲುಸಂಕ

ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಮಳೆಗಾಲ ಬಂತೆಂದರೆ ಹಳ್ಳ ದಾಟಲು ಕಾಲುಸಂಕ ಬೇಕು. ಅಡಿಕೆ ಮರವನ್ನೋ ಕಾಡುಮರವನ್ನೋ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಸಂಕ ಸಿದ್ಧ. ಅದನ್ನು ಕಟ್ಟುವವರು ಆಚೀಚೆ ದಡದವರೇ. ದಾಟುವ ಹಕ್ಕು ಎಲ್ಲರದು. ಸಂಕದ ಮರ ಕುಂಬಾದದ್ದು ಮೊದಲು ತಿಳಿಯುವುದೂ ದಿನಾ ಅದರ ಮೇಲೆ ಕಾಲಿಡುವವರಿಗೆ. ಹಾಗೆ ತಿಳಿದವನು ಸುಮ್ಮನೆ ದಾಟಿ ಹೋಗಬಹುದು, ಊರವರಿಗೆ ಹೇಳಬಹುದು, ಇಲ್ಲವೆ ತಾನೇ ಒಂದು ಮರ ತಂದು ಹಾಕಬಹುದು.

ಮುಕ್ತ ತಂತ್ರಾಂಶ ಇಂಥದೇ ಸಂಕ. ಅದರ ಮೂಲ ಸಂಕೇತ ಬಚ್ಚಿಟ್ಟದ್ದಲ್ಲ. ಯಾರು ಬೇಕಾದರೂ ತೆರೆದು ಓದಬಹುದು, ಪ್ರತಿ ಮಾಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಈ ಸ್ವಾತಂತ್ರ್ಯ ಬರಿಯ ಬಾಯಿಮಾತಿನದಲ್ಲ, ಪರವಾನಗಿಯಲ್ಲಿ ಬರೆದದ್ದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಯೋಜನೆ ಸಾರಿದರು. 1989ರಲ್ಲಿ ‘ಜಿಪಿಎಲ್’ ಎಂಬ ಪರವಾನಗಿ ಬಂತು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕೆಂದು ಒಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿರುವುದಾಗಿ ಜಗತ್ತಿಗೆ ತಿಳಿಸಿ ಸಲಹೆ ಕೇಳಿದ. ಅದೇ ಲಿನಕ್ಸ್. ಇಂದು ಪ್ರತಿಯೊಂದು ಆಂಡ್ರಾಯ್ಡ್ ಫೋನಿನ ತಿರುಳು ಅದು. ಹವ್ಯಾಸ ಅಷ್ಟು ಎತ್ತರಕ್ಕೆ ಬೆಳೆಯಲು ಕಾರಣ, ಸಾವಿರಾರು ಜನ ತಮಗೆ ಕಂಡ ಕುಂಬನ್ನು ತಾವೇ ತಿದ್ದಿ ಕಳಿಸಿದ್ದು.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಉಚಿತವಾಗಿ ಸಿಗುವುದೆಲ್ಲ ಮುಕ್ತವಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂತು. ಬಹುಕಾಲ ಉಚಿತವಾಗಿ ಸಿಕ್ಕ ಅದು ದೇಶವಿದೇಶಗಳ ಕನ್ನಡಿಗರ ಕೈಗೆ ಕನ್ನಡ ಕೊಟ್ಟಿತು. ಅದರ ಉಪಕಾರ ದೊಡ್ಡದು. ಆದರೆ ಬಳಸುವವರು ಅದರ ಒಳಗನ್ನು ತೆರೆದು ತಿದ್ದುವ ಏರ್ಪಾಡು ಅಲ್ಲಿರಲಿಲ್ಲ. ಹಬ್ಬದ ಊಟಕ್ಕೆ ಕರೆಯುವುದು ಬೇರೆ, ಅಡುಗೆಮನೆಯೊಳಗೆ ಬಂದು ಹುಳಿಗೆ ಉಪ್ಪು ಹಾಕಿ ಎನ್ನುವುದು ಬೇರೆ. ಮುಕ್ತ ತಂತ್ರಾಂಶ ಎರಡನೆಯದು.

ಕೆಲಸ ನಡೆಯುವ ಬಗೆ

ತೀರ್ಥಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಕನ್ನಡ ಅಕ್ಷರಗಳನ್ನು ಕಲಿಸುವ ಒಂದು ಮುಕ್ತ ತಂತ್ರಾಂಶ ಬಳಸುತ್ತಿದ್ದಾಳೆ ಎಂದುಕೊಂಡರೆ ಹೆಜ್ಜೆಗಳು ಸ್ಪಷ್ಟವಾಗುತ್ತವೆ. ಅದರಲ್ಲಿ ಪದಗಳ ಪಟ್ಟಿ ಅಕಾರಾದಿಯಾಗಿ ಬರಬೇಕು. ಆದರೆ ‘ಳ’ ಇರುವ ಪದಗಳು ತಪ್ಪು ಜಾಗದಲ್ಲಿ ಬರುತ್ತಿವೆ. ಅವಳಿಗೆ ಕಿರಿಕಿರಿಯಾಗುತ್ತದೆ. ಕೊಡುಗೆಯ ಬೀಜ ಆ ಕಿರಿಕಿರಿಯೇ.

ಮೊದಲ ಕೆಲಸ ತಿದ್ದುವುದಲ್ಲ, ಹುಡುಕುವುದು. ಇದೇ ದೂರನ್ನು ಬೇರೆ ಯಾರಾದರೂ ಕೊಟ್ಟಿದ್ದಾರೆಯೆ? ಮುಕ್ತ ಯೋಜನೆಗಳ ದೂರುಗಳ ಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಅಲ್ಲಿ ಇಲ್ಲವಾದರೆ ಅವಳು ದೂರು ಬರೆಯುತ್ತಾಳೆ. ‘ಕನ್ನಡ ಸರಿ ಇಲ್ಲ’ ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಯಾವ ಆವೃತ್ತಿ, ಏನು ಮಾಡಿದಾಗ, ಏನು ಬರಬೇಕಿತ್ತು, ಏನು ಬಂತು ಎಂಬ ನಾಲ್ಕು ಸಂಗತಿ ಬೇಕು. ವೈದ್ಯರ ಬಳಿ ‘ಮೈ ಸರಿ ಇಲ್ಲ’ ಎಂದರೆ ಸಾಲದು. ಎಲ್ಲಿ ನೋವು, ಎಂದಿನಿಂದ ಎಂದು ಹೇಳಬೇಕಲ್ಲ, ಹಾಗೆ.

ಎರಡನೆಯ ಹೆಜ್ಜೆ, ಇಡೀ ಮೂಲ ಸಂಕೇತದ ಪ್ರತಿಯನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಇದಕ್ಕೆ ಬಳಸುವ ಸಾಧನ ‘ಗಿಟ್’. ಇದನ್ನೂ 2005ರಲ್ಲಿ ಬರೆದವರು ಟೊರ್ವಾಲ್ಡ್ಸ್ ಅವರೇ. ಯಾವ ಸಾಲನ್ನು ಯಾರು, ಎಂದು, ಏಕೆ ಬದಲಿಸಿದರು ಎಂಬ ಪೂರ್ತಿ ಚರಿತ್ರೆಯನ್ನು ಗಿಟ್ ಇಟ್ಟುಕೊಂಡಿರುತ್ತದೆ. ಮಲೆನಾಡಿನ ಮಕ್ಕಳಿಗೆ ಇದರಲ್ಲೊಂದು ಅನುಕೂಲವಿದೆ. ಒಮ್ಮೆ ಪ್ರತಿ ಇಳಿಸಿಕೊಂಡರೆ ಮುಂದಿನ ಕೆಲಸಕ್ಕೆ ನೆಟ್‌ವರ್ಕ್ ಬೇಕಿಲ್ಲ. 2020ರ ಕೋವಿಡ್ ಕಾಲದಲ್ಲಿ ಪಾಠ ಕೇಳಲು ಗುಡ್ಡ ಹತ್ತಿದ ಮಕ್ಕಳ ಸೀಮೆ ಇದು. ಪಾಠಕ್ಕೆ ಇಡೀ ಗಂಟೆ ಗುಡ್ಡದ ಮೇಲೆ ಕೂರಬೇಕಾಗುತ್ತಿತ್ತು. ಗಿಟ್ ಹಾಗಲ್ಲ, ಮನೆಯಲ್ಲಿ ಕುಳಿತು ನಾಲ್ಕು ದಿನ ಕೆಲಸ ಮಾಡಿ, ಪೇಟೆಗೆ ಹೋದಾಗ ಒಂದು ನಿಮಿಷದಲ್ಲಿ ಕಳಿಸಿಬಿಡಬಹುದು.

ಮೂರನೆಯದು, ತಪ್ಪಿರುವ ಜಾಗ ಹುಡುಕಿ ತಿದ್ದುವುದು. ಸಾವಿರಾರು ಸಾಲಿನ ಪ್ರೋಗ್ರಾಮನ್ನು ಪೂರ್ತಿ ಓದಬೇಕೆಂದಿಲ್ಲ. ಪದ ಜೋಡಿಸುವ ಭಾಗ ಸಿಕ್ಕರೆ ಸಾಕು. ಅಲ್ಲಿ ಯೂನಿಕೋಡ್ ಸಂಖ್ಯೆಯ ಕ್ರಮವನ್ನೇ ಅಕಾರಾದಿ ಎಂದು ಯಾರೋ ನಂಬಿರುವುದು ಅವಳಿಗೆ ಕಾಣುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಬರುವುದು ‘ಲ’ದ ಬೆನ್ನಿಗೆ, ‘ವ’ಕ್ಕಿಂತ ಮೊದಲು. ಕನ್ನಡ ವರ್ಣಮಾಲೆಯಲ್ಲಿ ‘ಳ’ ಕೊನೆಯದು. ಇದು ಒಂದನೇ ತರಗತಿಯ ಮಗುವಿಗೂ ಗೊತ್ತು. ಬೇರೆ ದೇಶದಲ್ಲಿ ಕುಳಿತು ಪ್ರೋಗ್ರಾಮ್ ಬರೆದ ಮಹಾಪಂಡಿತನಿಗೆ ಗೊತ್ತಿರಬೇಕೆಂದಿಲ್ಲ.

ನಾಲ್ಕನೆಯದು ಪರೀಕ್ಷೆ. ತಿದ್ದಿದ್ದರಿಂದ ಬೇರೆ ಏನೂ ಕೆಟ್ಟಿಲ್ಲ ಎಂದು ತೋರಿಸುವ ಒಂದು ಸಣ್ಣ ಪರೀಕ್ಷೆಯನ್ನೂ ಅವಳು ಬರೆದು ಸೇರಿಸಬೇಕು. ಒಳ್ಳೆಯ ಯೋಜನೆಗಳಲ್ಲಿ ಒಮ್ಮೆ ಸಿಕ್ಕ ತಪ್ಪನ್ನು ಹೀಗೆ ಪರೀಕ್ಷೆಗಳ ಕಂತೆಗೆ ಸೇರಿಸುತ್ತಾರೆ. ಮುಂದೆ ಯಾರು ಏನೇ ಬದಲಿಸಿದರೂ ಆ ಕಂತೆ ಮತ್ತೊಮ್ಮೆ ಓಡುತ್ತದೆ. ಹಳೆಯ ತಪ್ಪು ಮರಳಿ ಬಂದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಐದನೆಯದು, ಒಪ್ಪಿಸುವುದು. ತಿದ್ದಿದ ಸಾಲುಗಳನ್ನು, ಏಕೆ ತಿದ್ದಿದೆ ಎಂಬ ವಿವರಣೆಯ ಜೊತೆ ಯೋಜನೆಯ ಉಸ್ತುವಾರಿಗಳಿಗೆ ಕಳಿಸಬೇಕು. ಹಿಂದೆ ಇದನ್ನು ‘ಪ್ಯಾಚ್’ ಎನ್ನುತ್ತಿದ್ದರು, ಎಂದರೆ ತೇಪೆ. ಈಗ ಹೆಚ್ಚು ಬಳಕೆಯಲ್ಲಿರುವ ಪದ ‘ಪುಲ್ ರಿಕ್ವೆಸ್ಟ್’. ತೆಗೆದ ಸಾಲಿನ ಮುಂದೆ ಮೈನಸ್, ಸೇರಿಸಿದ ಸಾಲಿನ ಮುಂದೆ ಪ್ಲಸ್. ನೋಡುವವರಿಗೆ ಬದಲಾವಣೆ ಒಂದೇ ನೋಟಕ್ಕೆ ಕಾಣುತ್ತದೆ.

ಇಲ್ಲಿಗೆ ಅವಳ ಕೆಲಸ ಮುಗಿಯಿತೆ? ಇಲ್ಲ. ನಿಜವಾದ ಪಾಠ ಶುರುವಾಗುವುದೇ ಇಲ್ಲಿ.

ತಿದ್ದಿಸಿಕೊಳ್ಳುವ ವಿದ್ಯೆ

ಉಸ್ತುವಾರಿ ಹೊತ್ತವರು ಕಳಿಸಿದ್ದನ್ನು ಸಾಲು ಸಾಲಾಗಿ ಓದುತ್ತಾರೆ. ‘ಈ ಹೆಸರು ಸ್ಪಷ್ಟವಿಲ್ಲ’, ‘ಈ ಸಾಲು ಬೇಕಿಲ್ಲ’, ‘ತುಳುವಿಗೂ ಕೊಂಕಣಿಗೂ ಇದೇ ಲಿಪಿ ಬಳಸುತ್ತಾರಲ್ಲ, ಅವರಿಗೇನಾಗುತ್ತದೆ?’ ಎಂದು ಪ್ರಶ್ನೆ ಬರುತ್ತವೆ. ಎಲ್ಲರ ಕಣ್ಣೆದುರೇ ಬರುತ್ತವೆ. ಮೊದಲ ಸಲ ಇದನ್ನು ಎದುರಿಸುವ ವಿದ್ಯಾರ್ಥಿಗೆ ಮುಖ ಕೆಂಪಾಗುವುದು ಸಹಜ. ಶಾಲೆಯಲ್ಲಿ ಕೆಂಪು ಶಾಯಿ ಎಂದರೆ ಅಂಕ ಹೋಯಿತು ಎಂದರ್ಥ. ಇಲ್ಲಿ ಹಾಗಲ್ಲ. ತಿದ್ದುತ್ತಿದ್ದಾರೆ ಎಂದರೆ ಒಪ್ಪುವ ಮನಸ್ಸಿದೆ ಎಂದೇ ಅರ್ಥ. ಅವಳು ಮತ್ತೆ ಬರೆದು ಕಳಿಸುತ್ತಾಳೆ; ಮತ್ತೆ ಪ್ರಶ್ನೆ ಬರುತ್ತದೆ. ವಾರಗಳು ಹಿಡಿಯಬಹುದು. ಕೆಲವೊಮ್ಮೆ ಉತ್ತರವೇ ಬರದಿರಬಹುದು, ಏಕೆಂದರೆ ಆ ಕಡೆ ಇರುವವರೂ ಹಗಲು ಬೇರೆ ಕೆಲಸ ಮಾಡಿ ರಾತ್ರಿ ಇದಕ್ಕೆ ಕೂರುವವರು. ಕೊನೆಗೆ ‘ಬೇಡ’ ಎಂದೂ ಹೇಳಬಹುದು. ಕಾರಣ ಕೇಳಿ ತಿಳಿದುಕೊಂಡರೆ ಅದೂ ವ್ಯರ್ಥವಲ್ಲ.

ಈ ತಾಳ್ಮೆ ಇಲ್ಲದೆ ಹೆಸರು ಮಾತ್ರ ಬೇಕೆಂದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಭಾರತದ ವಿದ್ಯಾರ್ಥಿಗಳೇ ಒಂದು ಉದಾಹರಣೆ ಕೊಟ್ಟಿದ್ದಾರೆ. ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬುದು ಪ್ರತಿವರ್ಷ ಅಕ್ಟೋಬರಿನಲ್ಲಿ ನಡೆಯುವ ಕಾರ್ಯಕ್ರಮ. 2020ರಲ್ಲಿ ಅದರ ನಿಯಮ ಹೀಗಿತ್ತು: ತಿಂಗಳಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದ ಮೊದಲ 70,000 ಜನರಿಗೆ ಟೀ ಶರ್ಟ್. ಜನಪ್ರಿಯ ಯೂಟ್ಯೂಬ್ ಪಾಠವೊಂದರಲ್ಲಿ, ಯಾವುದೋ ಯೋಜನೆಯ ಪರಿಚಯ ಪುಟಕ್ಕೆ ಒಂದೆರಡು ಹೊಗಳಿಕೆಯ ಪದ ಸೇರಿಸಿ ಕಳಿಸುವುದನ್ನು ಉದಾಹರಣೆಯಾಗಿ ತೋರಿಸಲಾಯಿತು. ನೋಡಿದವರು ಅದನ್ನೇ ಮಾಡಿದರು. ಜಗತ್ತಿನ ಉಸ್ತುವಾರಿಗಳೆಲ್ಲ ಕಸ ಗುಡಿಸುತ್ತ ಕೂರಬೇಕಾಯಿತು. ಮೂರೇ ದಿನಗಳಲ್ಲಿ, ಅಕ್ಟೋಬರ್ 3ರಂದು, ಸಂಘಟಕರು ನಿಯಮ ಬದಲಿಸಿ, ತಾವಾಗಿ ಒಪ್ಪಿದ ಯೋಜನೆಗಳಿಗೆ ಮಾತ್ರ ಕಳಿಸಬಹುದು ಎಂದರು. 2024ರ ಆರಂಭದಲ್ಲಿ ‘ಎಕ್ಸ್‌ಪ್ರೆಸ್’ ಎಂಬ ಹೆಸರಾಂತ ತಂತ್ರಾಂಶಕ್ಕೂ ಇದೇ ಗತಿ. ಮತ್ತೊಂದು ಪಾಠವನ್ನು ನೋಡಿದವರು ಅದರ ಪುಟಕ್ಕೆ ತಮ್ಮ ತಮ್ಮ ಹೆಸರು ಸೇರಿಸಿ ಕಳಿಸುತ್ತ ಹೋದರು. ಕಾಲುಸಂಕದ ಮೇಲೆ ಚಾಕುವಿನಿಂದ ಹೆಸರು ಕೆತ್ತಿ, ಸಂಕ ಕಟ್ಟಿದವರಲ್ಲಿ ತಾನೂ ಒಬ್ಬ ಎಂದ ಹಾಗೆ.

ಈಗ ಕೃತಕ ಬುದ್ಧಿಮತ್ತೆಯ ಕಾಲ. ಒಂದು ವಾಕ್ಯ ಕೇಳಿದರೆ ನೂರು ಸಾಲು ಪ್ರೋಗ್ರಾಮ್ ಬರೆದುಕೊಡುವ ಯಂತ್ರಗಳಿವೆ. ಅವುಗಳ ನೆರವು ಪಡೆಯುವುದು ತಪ್ಪಲ್ಲ. ತನಗೇ ಅರ್ಥವಾಗದ್ದನ್ನು ಕಳಿಸುವುದು ತಪ್ಪು. ‘ಕರ್ಲ್’ ಎಂಬ ತಂತ್ರಾಂಶವನ್ನು ದಶಕಗಳಿಂದ ನೋಡಿಕೊಂಡು ಬಂದಿರುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್, ಯಂತ್ರ ಬರೆದ ಸುಳ್ಳು ದೂರುಗಳನ್ನು ಓದುವುದರಲ್ಲೇ ತಮ್ಮ ಸಮಯ ಹಾಳಾಗುತ್ತಿದೆ ಎಂದು 2025ರಲ್ಲಿ ಬಹಿರಂಗವಾಗಿ ದೂರಿದರು. ಉಸ್ತುವಾರಿ ಕೇಳುವ ‘ಏಕೆ?’ ಎಂಬ ಪ್ರಶ್ನೆಗೆ ಸ್ವಂತ ಮಾತಿನಲ್ಲಿ ಉತ್ತರ ಹೇಳಲಾಗದಿದ್ದರೆ ಆ ಕೊಡುಗೆ ವಿದ್ಯಾರ್ಥಿಯದಲ್ಲ.

ಹೆತ್ತವರ ಪ್ರಶ್ನೆಗಳು

ಮಗ ರಾತ್ರಿ ಹನ್ನೊಂದಕ್ಕೆ ಕಂಪ್ಯೂಟರ್ ಮುಂದೆ ಕೂತು ಯಾರೋ ಕಂಡರಿಯದವರಿಗೆ ಪುಕ್ಕಟೆ ಕೆಲಸ ಮಾಡುತ್ತಿದ್ದರೆ, ‘ಇದ್ರಿಂದ ಎಂತ ಸಿಗ್ತದೆ ಮಾರಾಯ?’ ಎಂದು ಅಪ್ಪ ಕೇಳುವುದು ನ್ಯಾಯವೇ. ಉತ್ತರವನ್ನು ಮಲೆನಾಡಿನ ಮಾತಿನಲ್ಲೇ ಹೇಳುವುದಾದರೆ, ಇದು ಮುಯ್ಯಾಳು. ಈ ದಿನ ಅವರ ಗದ್ದೆಯ ನೆಟ್ಟಿಗೆ ಇವರು, ನಾಳೆ ಇವರ ಗದ್ದೆಗೆ ಅವರು. ಮಗ ಬಳಸುವ ಫೋನಿನಲ್ಲಿ, ಓದುವ ಪುಟದಲ್ಲಿ ಸಾವಿರಾರು ಜನರ ಮುಯ್ಯಿ ಈಗಾಗಲೇ ಇದೆ. ಅವನು ತೀರಿಸುತ್ತಿರುವುದು ಅದರಲ್ಲಿ ಒಂದು ಎಳೆ.

ಲೆಕ್ಕಾಚಾರದ ಉತ್ತರವೂ ಉಂಟು. ಗಿಟ್ ಯಾರ ಕೆಲಸವನ್ನೂ ಮರೆಯುವುದಿಲ್ಲ. ಒಪ್ಪಿತವಾದ ಪ್ರತಿ ಸಾಲಿನ ಪಕ್ಕ ಬರೆದವರ ಹೆಸರು, ದಿನಾಂಕ ಉಳಿಯುತ್ತದೆ. ಕೆಲಸಕ್ಕೆ ಅರ್ಜಿ ಹಾಕುವಾಗ ‘ಪ್ರೋಗ್ರಾಮಿಂಗ್ ಬಲ್ಲೆ’ ಎಂದು ಬರೆಯುವವರು ಲಕ್ಷ ಜನ. ‘ಇಲ್ಲಿದೆ ನೋಡಿ’ ಎಂದು ತೋರಿಸಬಲ್ಲವರು ಕಡಿಮೆ. ಬೇರೆಯವರ ಪ್ರೋಗ್ರಾಮ್ ಓದಿ ಅರ್ಥಮಾಡಿಕೊಳ್ಳುವುದು, ವಿನಯ ಬಿಡದೆ ವಾದಿಸುವುದು, ಸ್ಪಷ್ಟವಾಗಿ ಬರೆಯುವುದು, ಇವೆಲ್ಲ ಪಠ್ಯಪುಸ್ತಕದಲ್ಲಿ ಸಿಗದ ವಿದ್ಯೆಗಳು. ಗೂಗಲ್ 2005ರಿಂದ ನಡೆಸಿಕೊಂಡು ಬಂದಿರುವ ‘ಸಮ್ಮರ್ ಆಫ್ ಕೋಡ್’ ಯೋಜನೆಯಲ್ಲಿ ಆಯ್ಕೆಯಾದವರಿಗೆ ಮಾರ್ಗದರ್ಶಕರೂ ಸಿಗುತ್ತಾರೆ, ಗೌರವಧನವೂ ಸಿಗುತ್ತದೆ. ಅದಕ್ಕೆ ವಯಸ್ಸು 18 ತುಂಬಿರಬೇಕು. ಆದರೆ ಎಲ್ಲರಿಗೂ ದುಡ್ಡು ಸಿಗುತ್ತದೆ ಎಂದು ಹೇಳಿ ಮಕ್ಕಳನ್ನು ಕಳಿಸಬಾರದು. ಬಹುಪಾಲು ಕೊಡುಗೆಗೆ ಸಿಗುವ ಸಂಬಳ ಒಂದು ‘ಥ್ಯಾಂಕ್ಸ್’.

‘ಯಾರು ಬೇಕಾದರೂ ತಿದ್ದಬಹುದು ಎಂದರೆ ಕಳ್ಳರೂ ತಿದ್ದಬಹುದಲ್ಲ?’ ಎಂದು ತಾಯಿಯೊಬ್ಬಳು ಕೇಳಿದರೆ ಅದೂ ಸರಿಯಾದ ಪ್ರಶ್ನೆಯೇ. ಅಂಥದು ನಡೆದಿದೆ. ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಸುವ ‘ಎಕ್ಸ್‌ಝೆಡ್’ ಎಂಬ ಸಣ್ಣ ತಂತ್ರಾಂಶಕ್ಕೆ, ಗುರುತು ಮರೆಸಿಕೊಂಡ ಒಬ್ಬಾತ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ತೇಪೆಗಳನ್ನೇ ಕಳಿಸಿ, ನಂಬಿಕೆ ಗಳಿಸಿ, ಉಸ್ತುವಾರಿಯೂ ಆಗಿ, ಕೊನೆಗೆ 2024ರಲ್ಲಿ ಕಳ್ಳಬಾಗಿಲೊಂದನ್ನು ಒಳಗೆ ಸೇರಿಸಿದ. ಅದು ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಹರಡುವ ಮೊದಲೇ, ಮಾರ್ಚ್ ಕೊನೆಯಲ್ಲಿ, ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಒಂದು ಸಂಗತಿ ಗಮನಿಸಿದರು. ದೂರದ ಕಂಪ್ಯೂಟರಿನೊಳಗೆ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ! ಏಕೆ ಎಂದು ಬೆನ್ನು ಹತ್ತಿದರು. ಮೂಲ ತೆರೆದೇ ಇದ್ದುದರಿಂದ ಕಳ್ಳಬಾಗಿಲು ಸಿಕ್ಕಿತು. ತೆರೆದಿಟ್ಟ ಮಾತ್ರಕ್ಕೆ ಭದ್ರವಲ್ಲ. ಓದುವ ಕಣ್ಣುಗಳಿದ್ದರೆ ಭದ್ರ. ಓದುವ ಕಣ್ಣು ಬೆಳೆಸುವುದೂ ಒಂದು ಕೊಡುಗೆಯೇ.

ಕನ್ನಡಕ್ಕೆ ಕಾದಿರುವ ಕೆಲಸ

ಹೊತ್ತಿಗೆ ಸರಿಯಾಗಿ ಯಾರೂ ನೋಡದಿದ್ದರೆ ಏನಾಗುತ್ತದೆ? ಹಳಗನ್ನಡದ ‘ೞ’ ಇದಕ್ಕೆ ಸಾಕ್ಷಿ. ಯೂನಿಕೋಡ್ ಪಟ್ಟಿ ಮಾಡಿದವರು ಆರಂಭದಲ್ಲೇ ಈ ಅಕ್ಷರಕ್ಕೆ ತಪ್ಪಾಗಿ, ಇಂಗ್ಲಿಷಿನ ಎಫ್ ಉಚ್ಚಾರದ ‘ಫ಼’ ಎಂಬ ಹೆಸರು ಕೊಟ್ಟುಬಿಟ್ಟರು. ಒಮ್ಮೆ ಪ್ರಕಟವಾದ ಹೆಸರನ್ನು ಎಂದೂ ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮ. ಹೀಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ‘ತಿದ್ದುಪಡಿ’ ಎಂದು ಬರೆದಿದ್ದಾರೆಯೇ ಹೊರತು, ತಪ್ಪು ಹೆಸರು ಶಾಶ್ವತವಾಗಿ ಉಳಿಯಿತು. ಪಂಪನ ಕಾಲದ ಅಕ್ಷರಕ್ಕೆ ಪರಕೀಯ ಹೆಸರು! ಹಳಗನ್ನಡ ಬಲ್ಲವರೊಬ್ಬರು ಆಗ ಆ ಪಟ್ಟಿಯ ಮೇಲೆ ಕಣ್ಣಾಡಿಸಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ.

ನೋಡುವವರಿದ್ದಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 2021ರ ಯೂನಿಕೋಡ್ 14ನೇ ಆವೃತ್ತಿಯಲ್ಲಿ ಹಳೆಯ ಬರಹದ ‘ನಕಾರ ಪೊಲ್ಲು’ ಸೇರಿತು. 2022ರ 15ನೇ ಆವೃತ್ತಿಯಲ್ಲಿ ಮೂಗಿನ ಉಚ್ಚಾರ ತೋರಿಸುವ ಒಂದು ಚಿಹ್ನೆ ಕನ್ನಡ ಲಿಪಿಗೆ ಸೇರಿತು; ಕೊಂಕಣಿ ಬರೆಯಲು ಅದು ಬೇಕು, ಹವ್ಯಕ ಕನ್ನಡ ಬರೆಯಲೂ ಬೇಕು. ಸಾಗರ, ಹೊಸನಗರದ ತೋಟದ ಮನೆಗಳಲ್ಲಿ ದಿನಾ ಕೇಳುವ ಮಾತಿನ ಒಂದು ಸ್ವರಕ್ಕೆ ಜಗತ್ತಿನ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆದರೆ ಪಟ್ಟಿಗೆ ಸೇರಿದೊಡನೆ ಅದು ಪರದೆಯ ಮೇಲೆ ಮೂಡುವುದಿಲ್ಲ. ಪ್ರತಿ ಅಕ್ಷರವಿನ್ಯಾಸಕ್ಕೂ ಪ್ರತಿ ಕೀಲಿಮಣೆಗೂ ಯಾರಾದರೂ ಅದನ್ನು ಸೇರಿಸಬೇಕು.

ಇದನ್ನೆಲ್ಲ ಮೊದಲೇ ಮನಗಂಡವರಲ್ಲಿ ಒಬ್ಬರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆತನದವರೇ. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಬದುಕಿನ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ದನಿ ಎತ್ತಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆ ಇತ್ತು. ಮೀನು ಹಿಡಿಯುವ, ಹಕ್ಕಿಯ ಚಿತ್ರ ತೆಗೆಯುವ ಕಥೆಗಾರನಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ಕೇಳಿದವರಿಗೆ, 2007ರಲ್ಲಿ ಅವರು ತೀರಿಕೊಂಡ ನಂತರದ ವರ್ಷಗಳೇ ಉತ್ತರ ಹೇಳಿವೆ. ಇಂದು ಕನ್ನಡ ಓದುವವರಲ್ಲಿ ಬಹಳಷ್ಟು ಜನ ಓದುವುದೇ ಫೋನಿನಲ್ಲಿ.

ಕೊಡುಗೆ ಎಂದರೆ ಪ್ರೋಗ್ರಾಮ್ ಒಂದೇ ಅಲ್ಲ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು. 2019ರಲ್ಲಿ ಅದು ‘ಅಲರ್’ ಎಂಬ ಹೆಸರಿನಲ್ಲಿ ಮುಕ್ತ ಪರವಾನಗಿಯೊಡನೆ ಎಲ್ಲರ ಕೈಗೆ ಬಂತು. ಈಗ ಯಾವ ವಿದ್ಯಾರ್ಥಿಯಾದರೂ ಅದರ ಮೇಲೆ ಪದಬಂಧದ ಆಟ ಕಟ್ಟಬಹುದು, ಕಾಗುಣಿತ ಪರೀಕ್ಷಕ ಬರೆಯಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ನೆರೆಯ ಕೇರಳದಲ್ಲಿ ಈ ಶತಮಾನದ ಆರಂಭದಲ್ಲಿ ಕಲ್ಲಿಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಶುರುಮಾಡಿದ ಕೆಲಸ ಬೆಳೆದು ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಆಯಿತು. ಮಲಯಾಳದ ಅಕ್ಷರವಿನ್ಯಾಸಗಳನ್ನೂ ಕೀಲಿಮಣೆಗಳನ್ನೂ ಮುಕ್ತವಾಗಿ ಕಟ್ಟಿಕೊಟ್ಟಿತು. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಮೇಲೇ ಪಾಠ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಬಳಸುತ್ತಾರೆ. ಹಳೆಯ ಕಂಪ್ಯೂಟರಿನಲ್ಲೂ ಅದು ಓಡುತ್ತದೆ. ಕೊಡುಗೆ ಕೊಡಲು ದುಬಾರಿ ಯಂತ್ರ ಬೇಕು ಎಂಬುದು ತಪ್ಪು ಕಲ್ಪನೆ.

ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಕಂಪ್ಯೂಟರ್ ಲೋಕದ ಮುಂದೆ ಒಂದು ಅಳುಕಿರುತ್ತದೆ. ಇಂಗ್ಲಿಷ್ ಬಾರದು, ಬೆಂಗಳೂರು ಕಾಣೆ ಎಂಬ ಹಿಂಜರಿಕೆ. ಇಂಗ್ಲಿಷ್ ಸ್ವಲ್ಪ ಬೇಕು ನಿಜ. ದೂರು ಬರೆಯುವಷ್ಟು, ಉತ್ತರ ಓದುವಷ್ಟು. ಅದು ಮಾಡುತ್ತ ಮಾಡುತ್ತ ಬರುತ್ತದೆ. ಆದರೆ ಒತ್ತಕ್ಷರ ತಪ್ಪಿದ್ದು, ‘ಳ’ ತಪ್ಪು ಜಾಗದಲ್ಲಿ ಬಂದದ್ದು, ಅನುವಾದ ಹಾಸ್ಯಾಸ್ಪದವಾದದ್ದು ಕಾಣಬೇಕಾದರೆ ಕನ್ನಡ ಚೆನ್ನಾಗಿ ಬರಬೇಕು. ಅದನ್ನು ಯಾವ ಎಂಜಿನಿಯರೂ ಒಂದು ವಾರದಲ್ಲಿ ಕಲಿಯಲಾರ. ಆ ವಿದ್ಯೆ ತೀರ್ಥಹಳ್ಳಿಯ ಮಕ್ಕಳ ಬಳಿ ಆಗಲೇ ಇದೆ. ಅವರು ಹೇಳದಿದ್ದರೆ ಆ ತಪ್ಪುಗಳನ್ನು ಹೇಳುವವರು ಬೇರೆ ಯಾರೂ ಇಲ್ಲ.

ಸಿಇಟಿಯಲ್ಲಿ ಮೊದಲ ರ‍್ಯಾಂಕ್ ಒಬ್ಬರಿಗೇ ಸಿಗುವುದು. ಆದರೆ ‘ರ‍್ಯಾಂಕ್’ ಎಂಬ ಪದವನ್ನು ಸರಿಯಾಗಿ ಮೂಡಿಸುವ ಆ ಕೆಲವು ಸಾಲುಗಳು ಮೊದಲನೆಯವರಿಗೂ ಲಕ್ಷದ ಒಂದನೆಯವರಿಗೂ ಒಂದೇ ರೀತಿ ಕೆಲಸ ಮಾಡುತ್ತಿವೆ. ಮುಂದಿನ ಸಲ ಪರದೆಯ ಮೇಲೆ ಕನ್ನಡ ತಪ್ಪಾಗಿ ಕಂಡಾಗ ಮಗಳು ‘ಅಪ್ಪಾ, ಇದು ಸರಿ ಇಲ್ಲ’ ಎಂದರೆ, ‘ಬಿಡು, ಅದು ಹಾಗೇ’ ಎನ್ನುವ ಬದಲು ‘ಎಲ್ಲಿ ತಪ್ಪಿದೆ ಅಂತ ನೋಡು’ ಎಂದು ಅಪ್ಪ ಹೇಳಿದರೆ ಸಾಕು. ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಾಳೆ.